ನಾರ್ವೆಯ ಹಾಡಿಗೆ ನಲವತ್ತೊಂದು ನಿಮಿಷ

ಎಡಗಿವಿಯ ಇಯರ್‌ಫೋನಿನ ಜಾಲರಿಯಲ್ಲಿ ಕಾಫಿ ಬೀಜದ ಸಿಪ್ಪೆಯ ಒಂದು ಚೂರು ಸಿಕ್ಕಿಕೊಂಡಿತ್ತು. ಈರುಳ್ಳಿ ಸಿಪ್ಪೆಗಿಂತ ತೆಳು, ಒಣಹುಲ್ಲಿನ ಬಣ್ಣ, ಅಕ್ಕಿಕಾಳಿನ ಅರ್ಧದಷ್ಟು. ಜಾಲರಿ ಹರಿಯದ ಹಾಗೆ ಅದನ್ನು ಸೇಫ್ಟಿ ಪಿನ್ನಿನಿಂದ ಎಬ್ಬಿಸಿ ತೆಗೆಯಲು ಆರು ನಿಮಿಷ ಹಿಡಿಯಿತು. ಆ ಆರು ನಿಮಿಷದಲ್ಲಿ ಅಮ್ಮ ಮೂರು ಸಲ ಕರೆದಳು.

ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಈ ಸಿಪ್ಪೆ ಇಲ್ಲದ ಜಾಗವಿಲ್ಲ. ಹಣ್ಣು ಕೊಯ್ದು, ತಿರುಳು ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ, ತೊಳೆದು, ಮನೆ ಮುಂದಿನ ಸಿಮೆಂಟ್ ಕಣದಲ್ಲಿ ಬೀಜ ಹರವಿದ ಮೇಲೆ ಗಾಳಿ ಬೀಸಿದಾಗಲೆಲ್ಲ ಅದು ಹಾರಿ ಬರುತ್ತದೆ. ಹಾಸಿಗೆಯಲ್ಲಿ ಇರುತ್ತದೆ, ಬಾಚಣಿಗೆಯಲ್ಲಿ ಇರುತ್ತದೆ, ಅಕ್ಕಿರೊಟ್ಟಿಯಲ್ಲಿ ಇರುತ್ತದೆ. ನಾನು ಆಲೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮನೆಯಲ್ಲಿ ತಿದ್ದಿ ಕೊಟ್ಟ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಒಬ್ಬ ಹುಡುಗಿ ಬಂದು, "ಮಿಸ್, ಇಲ್ಲಿ ಅಂಟಿಸಿರೋದು ಏನು? ಇದಕ್ಕೂ ಮಾರ್ಕ್ ಉಂಟಾ?" ಎಂದು ಕೇಳಿದ್ದಳು.

ಇದಕ್ಕೆಲ್ಲ ನಾನು ಹೊಂದಿಕೊಂಡಿದ್ದೇನೆ. ಆದರೆ ಆ ಶನಿವಾರ ನನ್ನ ಹತ್ತಿರ ಕಳೆದುಕೊಳ್ಳುವಷ್ಟು ಹೊತ್ತಿರಲಿಲ್ಲ. ಮರುದಿನ ಸಂಜೆಯೊಳಗೆ ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಎಲ್ಲೂ ನಿಲ್ಲಿಸದೆ, ಇನ್ನೊಂದೇ ಒಂದು ಸಲ ಕೇಳಬೇಕಿತ್ತು. ಅದರ ಉದ್ದ ನಲವತ್ತೊಂದು ನಿಮಿಷ. ನನ್ನ ಈ ವರ್ಷದ ಪಟ್ಟಿಯ ಒಂದನೆಯ ಸ್ಥಾನ ಆ ನಲವತ್ತೊಂದು ನಿಮಿಷಕ್ಕೆ ಕಾಯುತ್ತಿತ್ತು.

ಪಟ್ಟಿಯ ವಿಚಾರ ಹೇಳಬೇಕು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲ್ಲಿನಲ್ಲಿ ನಾವು ಐದು ಜನ ಜೊತೆಗಿದ್ದೆವು. ನನ್ನ ರೂಮಿನಲ್ಲಿದ್ದ ಸಹನಾಳಿಗೆ ವಾರಕ್ಕೊಂದು ಸಂಘ ಕಟ್ಟದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಹಾಡು ಕೇಳುವುದಕ್ಕೂ ಅವಳೊಂದು ಸಂಘ ಮಾಡಿದಳು. ಜಗತ್ತನ್ನು ಐದು ಪಾಲು ಮಾಡುವುದು, ತಲೆಗೊಂದು ಪಾಲು. ವರ್ಷದ ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಪಾಲಿನ ಕಡೆಯಿಂದ ಆ ವರ್ಷ ಬಂದ ಐದು ಒಳ್ಳೆಯ ಆಲ್ಬಮ್ ಆರಿಸಿ, ಒಂದು ಎರಡು ಎಂದು ಸ್ಥಾನ ಕೊಟ್ಟು, ಕಾರಣ ಬರೆದು ಉಳಿದವರಿಗೆ ಕಳಿಸುವುದು. ಒಬ್ಬಳು ಆಫ್ರಿಕಾ ಹಿಡಿದಳು, ಒಬ್ಬಳು ದಕ್ಷಿಣ ಅಮೆರಿಕ, ಒಬ್ಬಳು ಜಪಾನು. ಸಹನಾ ಅರಬ್ ದೇಶಗಳನ್ನು ತನಗೆ ಇಟ್ಟುಕೊಂಡು ನನ್ನ ಕಡೆ ತಿರುಗಿದಳು.

"ನೀನು ಸ್ಕ್ಯಾಂಡಿನೇವಿಯಾ ತಗೊಳೇ. ಅಲ್ಲಿಯೋರು ಮಾತೇ ಆಡಲ್ವಂತೆ. ನೀನೂ ಆಡಲ್ಲ. ಸರಿಹೋಗುತ್ತೆ."

ನಾನು ಏನೂ ಹೇಳಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡರು. ನನ್ನ ಬದುಕಿನ ಹೆಚ್ಚಿನ ತೀರ್ಮಾನಗಳು ಹೀಗೇ ಆಗಿವೆ.

ಮೊದಲ ವರ್ಷ ಹರಕೆ ತೀರಿಸುವವಳ ಹಾಗೆ ಕೇಳಿದೆ. ಎರಡನೆಯ ವರ್ಷ ಬೇರೇನನ್ನೂ ಕೇಳಲು ಮನಸ್ಸಾಗಲಿಲ್ಲ. ಯಾಕೆಂದು ನನ್ನನ್ನೇ ಕೇಳಿಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಮಾತು ಎಂದರೆ ಕೆಲಸ. "ಪುಟ್ಟೀ" ಎಂದು ಕೂಗಿದರೆ ಹಿಂದೆಯೇ ಒಂದು ಕೆಲಸ ಇರುತ್ತದೆ. ಹಾಲು ಕಾಯಿಸು, ಟಾರ್ಪಾಲು ಎಳಿ, ಜೀಪಿನವನಿಗೆ ಫೋನ್ ಹಚ್ಚು. ನಾರ್ವೆಯ ಭಾಷೆಯಲ್ಲಿ ಯಾರೂ ನನಗೆ ಕೆಲಸ ಹೇಳಲಾರರು. ಅಲ್ಲಿಯ ಹೆಂಗಸೊಬ್ಬಳು ಎದೆ ಬಿರಿಯುವ ಹಾಗೆ ಹಾಡುತ್ತಾಳೆ, ನಾನು ಏಳಬೇಕಾಗಿಲ್ಲ. ಇದಕ್ಕಿಂತ ದೊಡ್ಡ ಸುಖ ಯಾವುದಿದೆ, ನೀವೇ ಹೇಳಿ.

ಇಂಡೀ ಸಂಗೀತ ಎಂದರೆ ಏನು ಎಂದು ಅಪ್ಪ ಒಮ್ಮೆ ಕೇಳಿದ್ದ. ದೊಡ್ಡ ಕಂಪನಿಗಳ ಹಂಗಿಲ್ಲದೆ, ಇದ್ದಷ್ಟರಲ್ಲೇ, ತಮ್ಮ ಪಾಡಿಗೆ ತಾವು ಹಾಡು ಮಾಡಿಕೊಳ್ಳುವವರು ಎಂದೆ.

"ಅಂದ್ರೆ ಸಣ್ಣ ಬೆಳೆಗಾರರು ಅನ್ನು," ಎಂದ ಅಪ್ಪ. ಆಮೇಲೆ, "ಆ ಕಡೆ ಕಾಫಿ ಬೆಳೀತಾರಾ?" ಎಂದ.

"ಬೆಳೆಯಲ್ಲ. ಕುಡೀತಾರೆ. ತುಂಬಾ ಕುಡೀತಾರೆ."

"ಕುಡುದ್ರೆ ಸಾಕು ಬುಡು."

ನನ್ನ ಸಂಗೀತದ ಬಗ್ಗೆ ಮನೆಯಲ್ಲಿ ಬಂದ ಅತ್ಯಂತ ಒಳ್ಳೆಯ ಮಾತು ಅದು.

ಆಲ್ಬಮ್ಮುಗಳ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ, ಅರ್ಧ ಹಾಡು ಕೇಳಿ, "ಇದೇನಾ?" ಎನ್ನುತ್ತೀರಿ. ಆ "ಇದೇನಾ"ವನ್ನು ನಾನು ಬೇಕಾದಷ್ಟು ಕೇಳಿಯಾಗಿದೆ. ಗುರುತು ಮಾತ್ರ ಹೇಳುತ್ತೇನೆ. ಈ ವರ್ಷ ಐದನೆಯದು ಡೆನ್ಮಾರ್ಕಿನ ನಾಲ್ವರು ಹುಡುಗರದ್ದು. ಗಿಟಾರು ಜಾಸ್ತಿ, ನಗು ಕಡಿಮೆ. ನಾಲ್ಕನೆಯದು ಗಂಡಹೆಂಡಿರದು, ಮೊದಲರ್ಧ ಇಬ್ಬರೂ ಜೊತೆಗೆ ಹಾಡುತ್ತಾರೆ, ಆಮೇಲೆ ಒಂದೊಂದು ಹಾಡು ಒಬ್ಬೊಬ್ಬರೇ. ನಡುವೆ ಏನಾಯಿತೆಂದು ಎಲ್ಲೂ ಹೇಳುವುದಿಲ್ಲ, ಅದೇ ಅದರ ಚಂದ. ಮೂರನೆಯದು ಫಿನ್‌ಲೆಂಡಿನದು.

ಫಿನ್‌ಲೆಂಡ್ ಸ್ಕ್ಯಾಂಡಿನೇವಿಯಾದೊಳಗೆ ಸೇರುವುದೇ ಇಲ್ಲ ಎಂದು ಸಹನಾ ತಕರಾರು ತೆಗೆದಿದ್ದಳು. ಭೂಗೋಳದ ಪ್ರಕಾರ ಅವಳದೇ ಸರಿ. ಆದರೆ ನನ್ನ ಕಷ್ಟ ಅವಳಿಗೆ ಅರ್ಥವಾಗದು. ಎಲ್ಲಿಗೆ ಹೋದರೂ ಜನ ನನ್ನನ್ನು "ನೀವು ಸಕಲೇಶಪುರದೋರಲ್ವಾ?" ಎನ್ನುತ್ತಾರೆ. ಅಲ್ಲ, ಆಲೂರು ತಾಲ್ಲೂಕು, ಕೆ. ಹೊಸಕೋಟೆ ಹೋಬಳಿ ಎಂದರೆ, "ಎಲ್ಲ ಒಂದೇ ಬಿಡಿ, ಕಾಫಿ ಕಡೆ" ಎನ್ನುತ್ತಾರೆ. ಇತ್ತ ಹೆಗ್ಗದ್ದೆಗೆ ಕೊಟ್ಟ ನಮ್ಮ ಸೋದರತ್ತೆ ಇದ್ದಾಳಲ್ಲ, ಘಟ್ಟದ ಅಂಚಿನ ಊರಿಗೆ ಹೋದ ಮೇಲೆ ತವರಿಗೆ ಬಂದಾಗಲೆಲ್ಲ ಮೂಗು ಮುರಿಯುತ್ತಾಳೆ: "ನಿಮ್ದೂ ಒಂದು ಮಲೆನಾಡಾ? ರಾಗಿ ಮುದ್ದೆ ತಿನ್ನೋರು!" ಹೊರಗಿನವರಿಗೆ ನಾವು ಒಳಗಿನವರು, ಒಳಗಿನವರಿಗೆ ಹೊರಗಿನವರು. ಫಿನ್‌ಲೆಂಡಿನವರನ್ನು ನಾನು ಸೇರಿಸಿಕೊಂಡೆ. ಯಾರಾದರೂ ಸೇರಿಸಿಕೊಳ್ಳಬೇಕಲ್ಲ.

ಉಳಿದವು ಎರಡು. ಒಂದು ಸ್ವೀಡನ್ನಿನ ಹುಡುಗಿಯದು. ತಪ್ಪು ಹುಡುಕಿದರೂ ಸಿಗದು. ಮುತ್ತಿನಂಥ ಅಕ್ಷರದ ಉತ್ತರಪತ್ರಿಕೆಯ ಹಾಗೆ, ಎಲ್ಲಿಯೂ ಅರ್ಧ ಅಂಕ ಕಳೆಯಲು ಆಗುವುದಿಲ್ಲ. ಇನ್ನೊಂದು ನಾರ್ವೆಯ ಉತ್ತರದ ಯಾವುದೋ ದ್ವೀಪದ ಹೆಂಗಸಿನದು. ಹಾರ್ಮೋನಿಯಮ್ಮಿನಂಥ ಹಳೆಯ ಒಂದು ವಾದ್ಯ, ಅವಳ ದನಿ, ನಡುನಡುವೆ ಉದ್ದುದ್ದ ಮೌನ. ಅದನ್ನು ಮೊದಲ ಸಲ ಕೇಳಿದಾಗ ನಾನು ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಹೋಗಿದ್ದೆ. ಆದರೆ ಅದರ ನಾಲ್ಕನೆಯ ಹಾಡಿನಲ್ಲಿ ಏನೋ ಒಂದು ಎಡವಟ್ಟಿದೆ. ಅದೇನೆಂದು ಮೂರು ವಾರದಿಂದ ಹೇಳಲಾಗುತ್ತಿರಲಿಲ್ಲ. ಎಡವಟ್ಟು ಇರುವುದಕ್ಕೆ ಮೊದಲ ರ್‍ಯಾಂಕ್ ಕೊಡಲು ಮೇಷ್ಟರ ಕೈ ಏಳುವುದಿಲ್ಲ; ಕೊಡದಿರಲು ನನ್ನ ಮನಸ್ಸು ಒಪ್ಪುವುದಿಲ್ಲ.

ಜೊತೆಗೆ ನನ್ನದೇ ಒಂದು ನಿಯಮವಿದೆ, ಯಾರೂ ಕೇಳದಿದ್ದರೂ ನಾನೇ ಮಾಡಿಕೊಂಡದ್ದು. ಒಂದು ಆಲ್ಬಮ್ಮನ್ನು ಮೂರು ಸಲ, ಪ್ರತಿ ಸಲವೂ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಕೇಳದಿದ್ದರೆ ಅದಕ್ಕೆ ಒಂದನೆಯ ಸ್ಥಾನ ಕೊಡುವಂತಿಲ್ಲ. ಸ್ವೀಡನ್ನಿನದು ಮೂರು ಸಲ ಆಗಿತ್ತು. ನಾರ್ವೆಯದು ಎರಡು. ಮೂರನೆಯದಕ್ಕೆ ಮೂರು ವಾರದಿಂದ ಹೆಣಗುತ್ತಿದ್ದೆ.

ಎಲ್ಲಿ ಕೇಳುವುದು? ಮನೆಯಲ್ಲಿ ಮಲಗುವವರೆಗೂ ಹತ್ತು ನಿಮಿಷಕ್ಕೊಂದು "ಪುಟ್ಟೀ". ಬಸ್ಸಿನಲ್ಲಿ ಡ್ರೈವರಣ್ಣ ತನಗಿಷ್ಟವಾದ ಹಾಡನ್ನು ಮುಂದಿನ ಊರಿಗೂ ಕೇಳುವಷ್ಟು ಜೋರಾಗಿ ಹಾಕಿರುತ್ತಾನೆ. ತೋಟದ ದಾರಿಯಲ್ಲಿ ನಡೆಯುತ್ತಾ ಕೇಳುವ ಹಾಗಿಲ್ಲ. ಆನೆ ಓಡಾಡುವ ಊರು. ಕಿವಿ ಮುಚ್ಚಿಕೊಂಡು ನಡೆದವರಿಗೆ ಹಿಂದೆ ಕೊಂಬೆ ಮುರಿದ ಸದ್ದು ಕೇಳುವುದಿಲ್ಲ. ಇದರಲ್ಲಿ ಅಪ್ಪನ ಮಾತಿಗೆ ನಾನು ಎದುರಾಡುವುದಿಲ್ಲ. ಉಳಿದದ್ದು ಕಾಲೇಜಿನ ಸ್ಟಾಫ್ ರೂಮು, ಮಧ್ಯಾಹ್ನದ ಬಿಡುವಿನ ಒಂದು ಪೀರಿಯಡ್. ಅಲ್ಲಿಗೆ ನಾಯಿ ಬಂತು.

ನಾಯಿಯ ಕಥೆಗೆ ಮೊದಲು ಮಂಗಗಳ ಕಥೆ. ಹಣ್ಣಾದ ಕಾಫಿಯ ಸಿಹಿ ಚೀಪುವುದಕ್ಕೆ ಮಂಗಗಳು ಹಿಂಡುಗಟ್ಟಿ ಬರುತ್ತವೆ. ಚೀಪಿದ್ದಕ್ಕಿಂತ ಉದುರಿಸಿದ್ದು ಹೆಚ್ಚು. ನಾನು ಚಿಕ್ಕವಳಿದ್ದಾಗ ಅಪ್ಪ ಒಂದು ರೇಡಿಯೋವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸಿಲ್ವರ್ ಓಕ್ ಮರಕ್ಕೆ ನೇತುಹಾಕುತ್ತಿದ್ದ. ಮನುಷ್ಯರ ಮಾತು ಕೇಳಿದರೆ ಮಂಗ ಹತ್ತಿರ ಬರುವುದಿಲ್ಲ ಎಂದು ಲೆಕ್ಕ. ನಾನು ಅದೇ ಮರದ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಮಗ್ಗಿ ಬರೆಯುತ್ತಿದ್ದೆ. ಬೆಳೆಗೆ ಔಷಧಿ ಹೊಡೆಯುವ ಕ್ರಮ, ಹಸುವಿನ ಕೆಚ್ಚಲು ಬಾವಿಗೆ ಪರಿಹಾರ, ಮಧ್ಯೆ ಎರಡು ಭಾವಗೀತೆ, ಎಲ್ಲ ಬಾಯಿಪಾಠ. ಮಂಗಗಳಿಗೆಂದು ಹಾಕಿದ ರೇಡಿಯೋ ಕೇಳಿ ಬೆಳೆದವಳು ನಾನು. ನನ್ನ ಸಂಗೀತಜ್ಞಾನದ ಮೂಲ ಅದು. ಬೆಳಗಿನ ಪ್ರಸಾರ ಮುಗಿದು ರೇಡಿಯೋ ಬರೀ ಸುಂಯ್ ಎನ್ನತೊಡಗಿದರೆ ಸಾಕು, ಆ ಹೊತ್ತಿಗೇ ಕಾದಿದ್ದ ಹಾಗೆ ಮಂಗಗಳು ಇಳಿಯುತ್ತಿದ್ದವು. ಅವಕ್ಕೂ ಕಾರ್ಯಕ್ರಮಗಳ ವೇಳಾಪಟ್ಟಿ ಬಾಯಿಪಾಠ ಇತ್ತು ಎಂದು ಕಾಣುತ್ತದೆ.

ಈಗ ರೇಡಿಯೋ ಹೋಗಿ ಬ್ಲೂಟೂತ್ ಸ್ಪೀಕರ್ ಬಂದಿದೆ. ತಂದುಕೊಟ್ಟವಳು ನಾನೇ. ಅಪ್ಪನ ಫೋನಿನಲ್ಲಿ ಹಾಡಿನ ಆ್ಯಪ್ ಹಾಕಿ, ನನ್ನ ಖಾತೆಯನ್ನೇ ಅದರಲ್ಲಿ ತೆರೆದುಕೊಟ್ಟವಳೂ ನಾನೇ, ಭಾವಗೀತೆ ಕೇಳಿಕೊಳ್ಳಲಿ ಎಂದು. ಅಪ್ಪ ಎರಡು ದಿನ ಭಾವಗೀತೆ ಕೇಳಿದ. ಮೂರನೆಯ ದಿನ ಫೋನನ್ನು ಬಾಯಿ ಹತ್ತಿರ ಹಿಡಿದು, "ನಾಯಿ ಬೊಗಳೋದು ಹಾಕು" ಎಂದ. ಜಗತ್ತಿನಲ್ಲಿ ಯಾರೋ ಪುಣ್ಯಾತ್ಮರು ಅದನ್ನೂ ಗಂಟೆಗಟ್ಟಲೆ ಧ್ವನಿಮುದ್ರಣ ಮಾಡಿ ಇಟ್ಟಿದ್ದರು. ಅಂದಿನಿಂದ ನಮ್ಮ ಕಣದ ಪಕ್ಕದ ಮರದಲ್ಲಿ ದಿನವಿಡೀ ನಾಯಿ ಬೊಗಳುತ್ತದೆ. ಮನೆಯ ನಿಜವಾದ ನಾಯಿ ಮೊದಲು ಉತ್ತರ ಕೊಟ್ಟು, ಆಮೇಲೆ ಸುಸ್ತಾಗಿ, ಈಗ ಮರದ ನಾಯಿಯನ್ನೇ ನಂಬಿ ಮಲಗಿರುತ್ತದೆ.

ಒಂದು ಖಾತೆಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೇಳಬಹುದು. ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ನಾನು ನಾರ್ವೆಯವಳ ಎರಡನೆಯ ಹಾಡಿಗೆ ಬಂದಿರುತ್ತೇನೆ. ಅಲ್ಲಿ ತೋಟದಲ್ಲಿ ಊಟ ಮುಗಿಸಿದ ಅಪ್ಪ ನಾಯಿ ಬಿಡುತ್ತಾನೆ. ನನ್ನ ಹಾಡು ನಿಲ್ಲುತ್ತದೆ. ಫೋನ್ ಮಾಡಿ ಹೇಳಿದರೆ, "ಮಂಗ ಬಂದಾವೆ ಕಣವ್ವ, ನಿಂದು ಆಮೇಲೆ ಕೇಳ್ಕ" ಎನ್ನುತ್ತಾನೆ. ಮೂರು ವಾರದಲ್ಲಿ ಐದು ಸಲ ಹೀಗಾಯಿತು.

ಇಷ್ಟೇ ಆಗಿದ್ದರೆ ಮನೆಯೊಳಗಿನ ಮಾತು. ವರ್ಷದ ಕೊನೆಯಲ್ಲಿ ಆ ಆ್ಯಪ್ ಪ್ರತಿಯೊಬ್ಬರಿಗೂ ಒಂದು ಬಣ್ಣದ ಚೀಟಿ ಕಳಿಸುತ್ತದೆ, ಈ ವರ್ಷ ನೀವು ಅತಿ ಹೆಚ್ಚು ಕೇಳಿದ್ದು ಇದು ಎಂದು. ಪಟ್ಟಿಗೆ ಮುಂಚೆ ಆ ಚೀಟಿಯನ್ನು ಗುಂಪಿನಲ್ಲಿ ಹಂಚಿಕೊಳ್ಳುವುದು ನಮ್ಮ ರೂಢಿ. ಅದು ಬಂದಾಗ ನಾನು ಬಸ್ಸಿಳಿಯುತ್ತಿದ್ದೆ. ನೋಡದೆ ಕಳಿಸಿದೆ. ಯಾವುದನ್ನೂ ಮೂರು ಸಲ ನೋಡದೆ ಕಳಿಸದವಳು ಅದೊಂದನ್ನು ನೋಡದೆ ಕಳಿಸಿದೆ.

ಒಂದನೆಯ ಸ್ಥಾನ: ಸಿಟ್ಟಿಗೆದ್ದ ನಾಯಿಗಳು. ಎರಡನೆಯ ಸ್ಥಾನ: ಹುಲಿಯ ಘರ್ಜನೆ.

"ಇದು ಸ್ವೀಡನ್ ನಾಯಿಯೋ ನಾರ್ವೆ ನಾಯಿಯೋ?" ಎಂದು ಆಫ್ರಿಕಾದವಳು ಕೇಳಿದಳು. "ಇಂಡೀ ನಾಯಿ ಕಣೇ, ಬೀದೀದು," ಎಂದಳು ಜಪಾನಿನವಳು. "ನಾಯಿ ಮೊದಲಿನ ಆಲ್ಬಮ್ಮಿನಷ್ಟು ಚೆನ್ನಾಗಿ ಬೊಗಳಿಲ್ಲ ಅನ್ನಿಸುತ್ತೆ," ಎಂದಳು ಸಹನಾ. ಆರು ವರ್ಷ ಅಳೆದು ತೂಗಿ ಕಟ್ಟಿಕೊಂಡ ನನ್ನ ಮರ್ಯಾದೆ ಹೋಗುವುದಕ್ಕೆ ನಾಲ್ಕು ನಿಮಿಷ ಸಾಕಾಯಿತು. ಪಟ್ಟಿಯೊಂದೇ ಅದನ್ನು ವಾಪಸ್ ತರಬಲ್ಲದಾಗಿತ್ತು. ಆ ಪಟ್ಟಿ ಈ ಸಲ ಒಂದಿಷ್ಟೂ ಎಡವದೆ, ನಿಯಮಬದ್ಧವಾಗಿ, ಭಾನುವಾರ ಸಂಜೆ ಆರಕ್ಕೆ ಸರಿಯಾಗಿ ಹೋಗಬೇಕಿತ್ತು.

ಹಾಗಾಗಿ ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ಒಪ್ಪಂದಕ್ಕೆ ಕೂತೆ.

"ಇವತ್ತು ಒಂದು ದಿನ ನಾಯಿ ಬೇಡಪ್ಪ."

"ಮಂಗನ ಕಾಯೋರ್ಯಾರು?"

"ನಾನು ಕಾಯ್ತೀನಿ. ನೀರಿನ ತೊಟ್ಟಿ ಮೇಲೆ ಕೂತ್ಕೊಂಡು."

"ಕಿವಿಗೆ ಅದ್ನ ಸಿಕ್ಕುಸ್ಕೊಂಡಾ?"

"ಮಂಗನ್ನ ಕಣ್ಣಲ್ಲಿ ನೋಡ್ಬೇಕಪ್ಪ. ಕಿವಿಯಲ್ಲಲ್ಲ."

ಅಪ್ಪ ಸೋತ. ಒಂದು ಹಳೆಯ ಎಣ್ಣೆ ಡಬ್ಬ, ಬಡಿಯಲು ಒಂದು ಕೋಲು ಕೊಟ್ಟ. ನೀರಿನ ತೊಟ್ಟಿ ಕಣಕ್ಕೆ ತಾಗಿಕೊಂಡ ದಿಬ್ಬದ ಮೇಲಿದೆ. ಅಲ್ಲಿಂದ ಕಣವೂ ಕಾಣುತ್ತದೆ, ಅದರ ಕೆಳಗಿನ ಕಾಫಿ ಸಾಲುಗಳೂ ಕಾಣುತ್ತವೆ. ಹಣ್ಣು ಉದುರುವ ಕಾಲವಾದ್ದರಿಂದ ಭಾನುವಾರವೂ ಕೊಯ್ಲಿತ್ತು. ಅನ್ವರಣ್ಣನ ಜೀಪಿನಲ್ಲಿ ಬಂದ ಹನ್ನೊಂದು ಜನ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೊಯ್ಯುತ್ತಿದ್ದರು. ಎಲ್ಲರಿಗೂ ಮುಂದೆ ಗಿರಿಜಕ್ಕ. ಅವಳು ಹದಿನೈದು ವರ್ಷದಿಂದ ನಮ್ಮಲ್ಲಿಗೆ ಬರುವವಳು; ನಾನು ಕಾಲೇಜಿಗೆ ಸೇರಿದ ಮೇಲೆ ನನ್ನನ್ನು ಮೇಡಮ್ಮೋರು ಎನ್ನುತ್ತಾಳೆ. ಅದರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ನಾನು ಇನ್ನೂ ಬೇರ್ಪಡಿಸಿಲ್ಲ.

ತೊಟ್ಟಿಯ ಕಟ್ಟೆಯ ಮೇಲೆ ಡಬ್ಬ ಇಟ್ಟುಕೊಂಡು ಕೂತೆ. ಇಯರ್‌ಫೋನ್ ಒತ್ತಿ ಹಾಕಿಕೊಂಡೆ. ತಂತಿಯಿಲ್ಲದ, ಹೊರಗಿನ ಸದ್ದನ್ನು ಪೂರ್ತಿ ತಡೆಯುವಂಥವು ಅವು. ಹಾಡು ಒತ್ತಿ ಕಣ್ಣು ಮುಚ್ಚಿದೆ. ಮಂಗ ಕಾಯುವವಳು ಕಣ್ಣು ಮುಚ್ಚಬಾರದು, ಒಪ್ಪುತ್ತೇನೆ. ಆದರೆ ಆ ಆಲ್ಬಮ್ ಬಹಳ ಮೆಲ್ಲಗೆ ಶುರುವಾಗುತ್ತದೆ; ಮೊದಲ ಅರ್ಧ ನಿಮಿಷ ಏನೂ ಇಲ್ಲ. ಆ ಏನೂ ಇಲ್ಲದಿರುವುದನ್ನು ಅನುಭವಿಸುತ್ತಾ ಕೂತೆ. ಈ ಸಲ ಮೌನ ಎಂದಿಗಿಂತ ಗಾಢವಾಗಿದೆ ಅನ್ನಿಸಿತು. ಮೂರನೆಯ ಸಲ ಕೇಳುವಾಗಲೇ ಇಂಥದೆಲ್ಲ ತಿಳಿಯುವುದು, ನನ್ನ ನಿಯಮಕ್ಕೆ ಅರ್ಥವಿದೆ ಎಂದುಕೊಂಡೆ. ಒಂದು ನಿಮಿಷ ಆಯಿತು. ಎರಡು ನಿಮಿಷ. ಕಣ್ಣು ಬಿಟ್ಟೆ.

ಕೆಳಗೆ ಹನ್ನೊಂದು ಜನ ಹೆಂಗಸರೂ ಕೊಯ್ಯುವುದನ್ನು ಬಿಟ್ಟು ನಿಂತಿದ್ದರು. ಎಲ್ಲರೂ ಒಂದೇ ಮರವನ್ನು ನೋಡುತ್ತಿದ್ದರು.

ಇಯರ್‌ಫೋನ್ ಕಿತ್ತೆ. ನನ್ನ ನಾರ್ವೆಯವಳು ಕಣದ ಪಕ್ಕದ ಸಿಲ್ವರ್ ಓಕ್ ಮರದ ಮೇಲಿಂದ ಇಡೀ ತೋಟಕ್ಕೆ ಕೇಳುವ ಹಾಗೆ ಹಾಡುತ್ತಿದ್ದಳು. ಅಪ್ಪ ನಾಯಿ ಬಿಡದಿದ್ದರೂ ಅಭ್ಯಾಸಬಲದಿಂದ ಸ್ಪೀಕರಿನ ಗುಂಡಿ ಒತ್ತಿದ್ದ. ಅದು ಅಪ್ಪನ ಫೋನ್ ಸಿಗದೆ, ಮೊದಲ ಪರಿಚಯದ ನನ್ನ ಫೋನನ್ನು ಹಿಡಿದುಕೊಂಡಿತ್ತು.

"ಯಾರೋ ಹೆಂಗ್ಸು ಅಳ್ತಾವ್ಳೆ ಕಣ್ರವ್ವಾ! ಮರದ್ ಮ್ಯಾಲಿಂದ!" ಎಂದು ಒಬ್ಬಳು ಕೂಗಿದಳು.

"ಅಳ್ತಾ ಇಲ್ಲ ಕಣೇ, ಪದ ಹೇಳ್ತಾವ್ಳೆ. ಸುಮ್ನಿರಿ," ಎಂದಳು ಗಿರಿಜಕ್ಕ.

ನಾನು ನಿಲ್ಲಿಸಿದೆ. ನನ್ನ ಪೆಟ್ಟಿಗೆಯ ಬಟ್ಟೆಯನ್ನು ಯಾರೋ ಹಗ್ಗದ ಮೇಲೆ ಹರವಿದ ಹಾಗೆ ಆಗಿತ್ತು.

"ಯಾಕ್ ನಿಲ್ಸುದ್ರಿ ಮೇಡಮ್ಮೋರೆ? ಹಾಕ್ರೀ!" ಕೆಳಗಿನಿಂದ ಗಿರಿಜಕ್ಕ. "ದಿನಾ ಆ ನಾಯಿ ಕೇಳಿ ಕೇಳಿ ಕಿವಿ ತೂತು ಬಿದ್ದವೆ. ಇವತ್ತಾದ್ರೂ ಮನುಷ್ಯರ ದನಿ ಕೇಳನ."

ಗಂಟೆ ಹನ್ನೊಂದು ದಾಟಿತ್ತು. ಮಧ್ಯಾಹ್ನದ ಮೇಲೆ ಹೆಗ್ಗದ್ದೆಯ ಅತ್ತೆಯ ಮನೆಯವರು ಬರುವವರಿದ್ದರು, ಇನ್ನೊಂದು ಅವಕಾಶವಿರಲಿಲ್ಲ. ಸ್ಪೀಕರ್ ಆರಿಸಲು ಏಣಿ ಬೇಕು, ಏಣಿ ಅಪ್ಪನ ಹತ್ತಿರ, ಅಪ್ಪ ಪಲ್ಪರಿನ ಹತ್ತಿರ. ಫೋನಿನಿಂದಲೇ ಅದನ್ನು ಬಿಡಿಸಬಹುದಿತ್ತು. ನಾಚಿಕೆಯಲ್ಲಿ ಅದು ಹೊಳೆಯಲಿಲ್ಲ, ಎಂ.ಎಸ್ಸಿ. ಓದಿದವರಿಗೂ ಹೊಳೆಯದ ಕ್ಷಣಗಳಿರುತ್ತವೆ. ನನ್ನ ನಿಯಮವನ್ನು ಮನಸ್ಸಿನಲ್ಲಿ ಮತ್ತೆ ಓದಿಕೊಂಡೆ. ಮೊದಲಿನಿಂದ ಕೊನೆಯವರೆಗೆ, ನಿಲ್ಲಿಸದೆ. ಒಬ್ಬಳೇ ಕೇಳಬೇಕೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಮೊದಲ ಹಾಡಿನಿಂದ ಮತ್ತೆ ಹಾಕಿದೆ.

"ಅಯ್ಯೋ, ಮತ್ತೆ ಮೊದ್ಲಿಂದನಾ? ಅದು ಕೇಳಾಯ್ತಲ್ಲ!"

ಅವರಿಗೆ ನಿಯಮ ವಿವರಿಸುವ ಧೈರ್ಯವಾಗಲಿಲ್ಲ.

ಮುಂದಿನ ಅರ್ಧ ಗಂಟೆಯ ಬಗ್ಗೆ ಏನು ಹೇಳಲಿ. ಆ ಹಾಡುಗಳಲ್ಲಿ ಮೌನ ಬಂದಾಗಲೆಲ್ಲ ಅದರಲ್ಲಿ ಯಾರಾದರೂ ಮಾತಾಡಿದರು. ಹಿತ್ತಿಲಲ್ಲಿ ಕೋಳಿ ಕೂಗಿತು. ಒಬ್ಬಳು ತನ್ನ ನಾದಿನಿಯ ಸೀಮಂತದ ಸೀರೆಯ ಬಣ್ಣ ವರ್ಣಿಸಿದಳು. ಎರಡನೆಯ ಹಾಡಿಗೆ ಯಾರೋ ತಾಳ ಹಾಕಿದರು, ಅದಕ್ಕೆ ತಾಳವೇ ಇಲ್ಲ. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ನಾಲ್ಕನೆಯ ಹಾಡಿನ ಹೊತ್ತಿಗೆ ಒಂದು ಮುದಿ ಮಂಗ ಬೇಲಿಯ ಕಲ್ಲುಕಂಬದ ಮೇಲೆ ಬಂದು ಕೂತು, ಸ್ಪೀಕರಿನ ಕಡೆ ನೋಡಿ, ಕಂಕುಳು ಕೆರೆದುಕೊಂಡು, ಬೆನ್ನು ತಿರುಗಿಸಿ ಹೋಯಿತು. ಆಗ ಗಿರಿಜಕ್ಕ ಕೊಯ್ಯುತ್ತಲೇ ಹೇಳಿದಳು:

"ಇದೊಂದು ಪದ ಉದ್ದ ಆಯ್ತು ಕಣ್ರೇ. ಹೇಳಿ ಮುಗುದೈತೆ, ಆದ್ರೂ ಎದ್ದು ಹೋಗಕ್ಕೆ ಮನಸ್ಸಿಲ್ಲ ಆಯಮ್ಮಂಗೆ. ಬಾಗ್ಲಲ್ಲಿ ನಿಂತ್ಕಂಡು ಮಾತಾಡ್ತಾವ್ಳೆ."

ಮೂರು ವಾರ. ಮೂರು ವಾರದಿಂದ ನಾನು ಹುಡುಕುತ್ತಿದ್ದ ವಾಕ್ಯ ಅದು. ಒಂದೇ ಸಲ ಕೇಳಿ, ಅರ್ಧ ಮನಸ್ಸಿನಲ್ಲಿ, ಬುಗುರಿಗಿಂತ ವೇಗವಾಗಿ ಕೈ ಆಡಿಸುತ್ತಾ ಹೇಳಿಬಿಟ್ಟಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಡಬ್ಬವನ್ನು ಒಂದು ಸಲ ಬಡಿದೆ. ಮಂಗ ಇಲ್ಲದೆ ಬಡಿದದ್ದಕ್ಕೆ ಎಲ್ಲರೂ ಮೇಲೆ ನೋಡಿದರು.

ಆಮೇಲೆ ಆರನೆಯ ಹಾಡಿನಿಂದ ಮಾತು ಕಡಿಮೆಯಾಯಿತು. ಏಳನೆಯದಕ್ಕೆ ಯಾರೂ ಮಾತಾಡಲಿಲ್ಲ. ಎಂಟನೆಯದು, ಕೊನೆಯದು, ಶುರುವಾಗಿ ಅರ್ಧಕ್ಕೆ ಬಂತು. ಮೂವತ್ತೆಂಟನೆಯ ನಿಮಿಷ. ಇನ್ನು ಮೂರು. ಅದರಲ್ಲಿ ಅವಳ ದನಿ ಮೇಲಕ್ಕೆ ಹೋಗಿ, ಒಡೆಯುತ್ತದೇನೋ ಎಂಬಲ್ಲಿ ನಿಂತು, ಮೆಲ್ಲಗೆ ಇಳಿಯುವುದಕ್ಕೆ ತಯಾರಾಗುತ್ತದೆ. ಅಲ್ಲಿ ಹಾಡು ಕಡಿಯಿತು. ಮರದ ಮೇಲಿಂದ ಅಮ್ಮ ಮಾತಾಡಿದಳು.

"ಪುಟ್ಟೀ! ಎಲ್ಲಿ ಸತ್ತೋದೆ? ಬೆಳಿಗ್ಗೆ ಕೊಟ್ಟ ಹರಳೆಣ್ಣೆ..."

ಮನೆಯ ಒಳಗಿನಿಂದ ಅಮ್ಮ ಫೋನ್ ಮಾಡಿದ್ದಳು. ನಾನು ಗಾಬರಿಯಲ್ಲಿ ಕೆಂಪು ಗುಂಡಿಯ ಬದಲು ಹಸಿರು ಒತ್ತಿದ್ದೆ. ಮುಂದಿನ ಮೂರು ವಾಕ್ಯಗಳನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಗೆ ಸಂಬಂಧಪಟ್ಟವು, ಎರಡು ದಿನದ ಸಮಾಚಾರ. ಹನ್ನೊಂದು ಜನ ಹೆಂಗಸರಿಗೂ ಪಲ್ಪರಿನ ಹತ್ತಿರ ಇದ್ದ ಅಪ್ಪನಿಗೂ ಅದು ಗೊತ್ತಿದೆ. ಅಷ್ಟು ಪ್ರಚಾರ ಸಾಕು.

ಅಂದು ಸಂಜೆಯವರೆಗೂ ನನಗೆ ಔಷಧಿ ಸಿಕ್ಕಿತು. "ಜೀರಿಗೆ ಕಷಾಯ ಕುಡೀರಿ." "ಬಾಳೆಹಣ್ಣು ತಿನ್ನಿ ಮೇಡಮ್ಮೋರೆ, ಚುಕ್ಕಿಬಾಳೆ." ನಾಲ್ಕೂವರೆಗೆ ಹೆಂಗಸರನ್ನು ಕರೆದೊಯ್ಯಲು ಬಂದ ಅನ್ವರಣ್ಣ ಜೀಪಿನಿಂದ ಇಳಿದು ಒಂದು ನಿಮಿಷವೂ ಆಗಿರಲಿಲ್ಲ, ನನ್ನ ಮುಖ ನೋಡದೆ, ಬಹಳ ಮರ್ಯಾದೆಯಿಂದ, "ಪರಂಗಿ ಹಣ್ಣು ಒಳ್ಳೇದು ಮೇಡಂ. ನಮ್ಮ ಮನೆಯಲ್ಲೂ ಅದೇ," ಎಂದ.

ಅಪ್ಪ ಮಾತ್ರ ಖುಷಿಯಾಗಿದ್ದ. "ಒಂದು ಮಂಗನೂ ಸಾಲೊಳಕ್ಕೆ ಇಳೀಲಿಲ್ಲ ಕಣವ್ವ. ನಾಯಿಗಿಂತ ಇದೇ ವಾಸಿ. ನಾಳೀಕೂ ಇದೇ ಇರ್ಲಿ." ಕಲಾಕೃತಿಯೊಂದಕ್ಕೆ ಇಂಥ ಪ್ರಶಸ್ತಿ ಜಗತ್ತಿನಲ್ಲಿ ಬೇರೆಲ್ಲೂ ಸಿಕ್ಕಿರಲಾರದು.

ಜೀಪಿನ ಹಿಂಬದಿ ಹತ್ತುತ್ತಾ ಗಿರಿಜಕ್ಕ ನಿಂತಳು. "ಕೊನೇ ಪದ ಅರ್ಧಕ್ಕೇ ನಿಂತೋಗ್ಬುಡ್ತು. ಆಯಮ್ಮಂಗೆ ಸಮಾಧಾನ ಆಯ್ತೋ ಇಲ್ವೋ ಗೊತ್ತಾಗ್ಲಿಲ್ಲ."

"ಅವಳು ಅಳ್ತಿಲ್ಲ ಗಿರಿಜಕ್ಕ. ಹಾಡ್ತಿದ್ದಾಳೆ. ನೀನೇ ಹೇಳಿದ್ಯಲ್ಲ."

"ಎರಡೂ ಮಾಡ್ತಾವ್ಳೆ ಬುಡಿ. ನಾವ್ ಮಾಡಲ್ವಾ, ಹಂಗೆ."

ಸಂಜೆ ಆರಕ್ಕೆ ಪಟ್ಟಿ ಕಳಿಸಿದೆ. ಮೂರು ಸಲ ನೋಡಿ ಕಳಿಸಿದೆ. ಒಂದನೆಯ ಸ್ಥಾನ ಸ್ವೀಡನ್ನಿನ ಹುಡುಗಿಗೆ, ಎರಡನೆಯದು ನಾರ್ವೆಯವಳಿಗೆ. ನಿಯಮ ಎಂದರೆ ನಿಯಮ. ಮೂರು ನಿಮಿಷ ಬಾಕಿ ಇತ್ತು. ಹತ್ತು ನಿಮಿಷದ ನಂತರ ಸಹನಾಳ ಉತ್ತರ ಬಂತು.

"ಒಂದನೇದಕ್ಕೆ ಎರಡು ಸಾಲು ಬರೆದಿದ್ದೀಯ. ಎರಡನೇದಕ್ಕೆ ಹನ್ನೊಂದು. ಯಾರಿಗೆ ಮೋಸ ಮಾಡ್ತಿದ್ದೀಯಾ?"

ಫೋನನ್ನು ಮಗುಚಿಟ್ಟು ಎದ್ದೆ. ಊಟಕ್ಕೆ ಅಮ್ಮ ಪರಂಗಿ ಹಣ್ಣು ಹೆಚ್ಚಿಟ್ಟಿದ್ದಳು. ಅನ್ವರಣ್ಣನ ಸಲಹೆ ಅಡುಗೆಮನೆಗೂ ತಲುಪಿತ್ತು.

ಮರುದಿನ ಸೋಮವಾರ. ಏಳೂ ಕಾಲಿಗೆ ಹೆಂಗಸರು ಬಂದು ಚೀಲ ಕಟ್ಟಿಕೊಳ್ಳುತ್ತಿದ್ದಾಗ ನಾನು ಸೀರೆ ಉಟ್ಟು, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕಣಕ್ಕೆ ಬಂದೆ. ನನ್ನ ಬಸ್ಸು ಏಳೂ ನಲವತ್ತಕ್ಕೆ. ಆಲ್ಬಮ್ಮನ್ನು ರಾತ್ರಿಯೇ ಫೋನಿಗೆ ಇಳಿಸಿಕೊಂಡಿದ್ದೆ, ಮೂರು ವಾರ ಅದೂ ಹೊಳೆದಿರಲಿಲ್ಲ. ಯಾರ ಕರೆಯೂ ಬಾರದ ಹಾಗೆ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಬ್ಲೂಟೂತ್ ಮಾತ್ರ ಮತ್ತೆ ಹಚ್ಚಿದೆ. ಅಪ್ಪ ಸ್ಪೀಕರಿನ ಗುಂಡಿ ಒತ್ತಿ ಏಣಿ ಇಳಿದ. ಮೊದಲ ಹಾಡು ಹಾಕಿದೆ.

"ಕೊನೇದು ಹಾಕಿ ಅಂದ್ರೆ ಮತ್ತೆ ಮೊದ್ಲಿಂದನಾ?" ಎಂದಳು ಗಿರಿಜಕ್ಕ.

"ಮೊದ್ಲಿಂದ್ಲೇ."

"ಆಯ್ತು ಬುಡಿ. ಮೇಡಮ್ಮೋರ ಪಾಠ, ಪೂರಾ ಕೇಳ್ಬೇಕು."

ನಾನು ಕಣದ ಅಂಚಿನ ಕಟ್ಟೆಯ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವರು ಕೊಯ್ಯುತ್ತಾ ಮಾತಾಡಿದರು. ಸೀಮಂತದ ಸೀರೆಯ ಬಣ್ಣದ ವಿಚಾರ ನಿನ್ನೆ ಮುಗಿದಿರಲಿಲ್ಲ. ನಾಲ್ಕನೆಯ ಹಾಡಿನ ನಡುವೆ ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಎರಡು ಸಲ ಹೊಡೆದು, ಯಾರೂ ಕೈ ಅಡ್ಡ ಹಾಕದ್ದರಿಂದ ಹೋಯಿತು.

"ಬಸ್ ಹೋಗ್ಬುಡ್ತಲ್ಲವ್ವಾ!" ಅಪ್ಪ ಪಲ್ಪರಿನ ಹತ್ತಿರದಿಂದ ಕೂಗಿದ.

"ಗೊತ್ತಪ್ಪ."

ಕೊನೆಯ ಹಾಡು ಅಮ್ಮನ ದನಿಯಿಲ್ಲದೆ ಮುಗಿಯಿತು. ಗಿರಿಜಕ್ಕ ಸಾಲಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತು, "ಹೂಂ," ಎಂದು ಮುಂದಿನ ಸಾಲಿಗೆ ಹೋದಳು. ನಾನು ಫ್ಲೈಟ್ ಮೋಡ್ ತೆಗೆದೆ. ಮೊದಲ ಪೀರಿಯಡ್ ತಪ್ಪುತ್ತದೆ ಎಂದು ಕಾಲೇಜಿಗೆ ಫೋನ್ ಮಾಡಿದೆ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ. ಆಮೇಲೆ ಎಂಟೂಮುಕ್ಕಾಲರ ಬಸ್ಸಿಗೆ ನಡೆಯುವ ಮೊದಲು ಗುಂಪಿಗೆ ಬರೆದೆ:

"ತಿದ್ದುಪಡಿ. ನಿನ್ನೆಯ ಪಟ್ಟಿಯಲ್ಲಿ ಒಂದು ಮತ್ತು ಎರಡನ್ನು ಅದಲುಬದಲು ಮಾಡಿಕೊಳ್ಳಿ. ನಾಲ್ಕನೆಯ ಹಾಡು ಬಾಗಿಲಲ್ಲಿ ನಿಂತು ಮಾತಾಡುತ್ತದೆ. ಈ ಮಾತು ಗಿರಿಜಾ ಅವರದು."